ಮನೆಯಲ್ಲೊಬ್ಬರಿಗೆ ಫ್ಲೂ ಬಂದರೆ: ಮೊದಲು ಕಿಟಕಿ ತೆರೆಯಿರಿ

ಮನೆಯಲ್ಲಿ ಯಾರಿಗಾದರೂ ಜ್ವರ, ಮೈಕೈ ನೋವು, ಕೆಮ್ಮು ಕಾಣಿಸಿಕೊಂಡರೆ, ಥಂಡಿಗಾಳಿ ತಾಗೀತೆಂದು ಕಿಟಕಿ ಮುಚ್ಚುವುದು ನಮ್ಮಲ್ಲಿ ರೂಢಿ. ಕಾಳಜಿಯಿಂದ ಹುಟ್ಟಿದ ಈ ರೂಢಿಯೇ ಫ್ಲೂ ತರುವ ಇನ್‌ಫ್ಲುಯೆಂಜಾ ವೈರಸ್ ಒಬ್ಬರಿಂದ ಮನೆಮಂದಿಗೆಲ್ಲ ಹಬ್ಬಲು ಅನುಕೂಲ ಮಾಡಿಕೊಡುತ್ತದೆ. ಥಂಡಿಗೆ ಹೊದಿಕೆ ಸಾಕು.

ಆರೈಕೆಗೆ ತೊಡಗುವ ಮುನ್ನ ದಿನಗಳ ಲೆಕ್ಕ ಹಾಕಿಕೊಳ್ಳಿ. ವೈರಸ್ ದೇಹವನ್ನು ಹೊಕ್ಕ 1ರಿಂದ 4 ದಿನಗಳಲ್ಲಿ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಆದರೆ ಅದಕ್ಕೆ ಒಂದು ದಿನ ಮೊದಲೇ ಸೋಂಕಿತರು ಇತರರಿಗೆ ಸೋಂಕು ದಾಟಿಸಬಲ್ಲರು, ಮತ್ತು ಆಮೇಲೆ 5ರಿಂದ 7 ದಿನ, ಮಕ್ಕಳಾದರೆ ಇನ್ನೂ ಹೆಚ್ಚು ಕಾಲ, ದಾಟಿಸುತ್ತಲೇ ಇರಬಹುದು. ಸೋಮವಾರ ಬೆಳಿಗ್ಗೆ ಮಗುವಿನ ಮೈ ಸುಡುತ್ತಿದ್ದರೆ, ಭಾನುವಾರ ರಾತ್ರಿ ಅದನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದ ಅಜ್ಜಿಗೆ ವೈರಸ್ ಆಗಲೇ ತಲುಪಿರಬಹುದು.

ಎರಡನೆಯ ಕೆಲಸ ಕೋಣೆಯದು. ಕೆಮ್ಮಿದಾಗ ಚಿಮ್ಮುವ ದಪ್ಪ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ. ಮಾತಿನಲ್ಲಿ, ಬರಿಯ ಉಸಿರಿನಲ್ಲಿಯೂ ಹೊರಬರುವ ಅತಿಸೂಕ್ಷ್ಮ ಕಣಗಳು ಮಾತ್ರ ಗಾಳಿಯಲ್ಲಿ ತೇಲುತ್ತಾ ಉಳಿಯುತ್ತವೆ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಹಾಕಿದರೆ ಪಡಸಾಲೆಯಲ್ಲಿ ಕುಳಿತವರೂ ಕೆಮ್ಮುವುದಿಲ್ಲವೇ, ಆ ಘಾಟು ಸಾಗುವ ದಾರಿಯೇ ಇವುಗಳದ್ದೂ. ಆದ್ದರಿಂದ ರೋಗಿಗೆ ಹೊರಗೋಡೆಯ ಕಿಟಕಿಯಿರುವ ಕೋಣೆ ಕೊಟ್ಟು, ಕಿಟಕಿ ತೆರೆದು, ಮನೆಯೊಳಗಿನ ಬಾಗಿಲನ್ನು ಮುಚ್ಚಿರಿ. ಒಂದೇ ಕೋಣೆಯ ಮನೆಯಾದರೆ ಅವರ ಹಾಸಿಗೆಯನ್ನು ಕಿಟಕಿಯ ಬಳಿ ಹಾಕಿ, ಟೇಬಲ್ ಫ್ಯಾನನ್ನು ಹೊರಮುಖವಾಗಿಟ್ಟು, ಎದುರಿನ ಬಾಗಿಲನ್ನೋ ಇನ್ನೊಂದು ಕಿಟಕಿಯನ್ನೋ ತೆರೆದಿಡಿ. ಕಿಟಕಿ ಮುಚ್ಚಿಕೊಂಡು ಹಾಕುವ ಸೀಲಿಂಗ್ ಫ್ಯಾನ್ ಆಗಲಿ ಸ್ಪ್ಲಿಟ್ ಎಸಿಯಾಗಲಿ ಇದ್ದ ಗಾಳಿಯನ್ನೇ ಕದಡುತ್ತವೆ. ಮಳೆಯ ಎರಚಲು ಬರುವ ದಿನಗಳಲ್ಲಿ ಗಾಳಿಮರೆಯ ಕಿಟಕಿಯನ್ನಾದರೂ ಅರ್ಧ ತೆರೆದಿರಲಿ. ಭಾರತದಲ್ಲಿ ಫ್ಲೂ ಹೆಚ್ಚುವ ಕಾಲಗಳಲ್ಲಿ ಮಳೆಗಾಲದ ಕೊನೆಯೂ ಒಂದು, ಜನವರಿಯಿಂದ ಮಾರ್ಚ್‌ವರೆಗಿನದು ಇನ್ನೊಂದು.

ಆರೈಕೆಗೆ ಒಬ್ಬರೇ ನಿಲ್ಲಲಿ, ಅವರು ವಯಸ್ಸಾದವರೋ ಗರ್ಭಿಣಿಯೋ ಆಗದಿರಲಿ. ಕೋಣೆಗೆ ಹೋಗುವಾಗ ಮೂಗಿನ ಬದಿಯಲ್ಲಿ ಸಂದಿಯಿಲ್ಲದಂತೆ ಕೂರುವ ಎನ್‌95 ಮಾಸ್ಕ್ ಧರಿಸಬೇಕು. ಸಾಧ್ಯವಾದರೆ ರೋಗಿಯೂ ಮಾಸ್ಕ್ ಹಾಕಿಕೊಳ್ಳಲಿ. ಊಟಕ್ಕೆ ಕುಳಿತಾಗ ಮಾಸ್ಕ್ ತೆಗೆಯಲೇಬೇಕಾದ್ದರಿಂದ ರೋಗಿಯ ಊಟ ಕೋಣೆಯಲ್ಲೇ ಆಗುವುದು ಲೇಸು.

ಕೈಗಳನ್ನು 20 ಸೆಕೆಂಡು ಸೋಪಿನಿಂದ ತೊಳೆಯಬೇಕು. ಸ್ಟೀಲು, ಪ್ಲಾಸ್ಟಿಕ್ಕಿನ ಮೇಲೆ ಈ ವೈರಸ್ 24ರಿಂದ 48 ಗಂಟೆ ಉಳಿಯಬಲ್ಲುದು. ಹಾಗೆಂದು, 2020ರಲ್ಲಿ ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಚ್ಚಿ ತೊಳೆದ ಶ್ರದ್ಧೆ ಇಲ್ಲಿ ಬೇಕಿಲ್ಲ. ಅದರ ಅರ್ಧದಷ್ಟು ಶ್ರದ್ಧೆ ಕಿಟಕಿಯ ಮೇಲಿದ್ದರೆ ಹೆಚ್ಚು ಪ್ರಯೋಜನ.

ಇನ್ನು ಸೋಂಕು ಹೊಸ್ತಿಲು ದಾಟದಂತೆ ನೋಡಿಕೊಳ್ಳುವುದು. ಬೆಳಿಗ್ಗೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಮಗುವನ್ನು ಶಾಲೆಗೆ ಕಳುಹಿಸಿದರೆ ಜ್ವರ ಇಳಿದಿರುತ್ತದೆ, ವೈರಸ್ ಇದ್ದಲ್ಲೇ ಇರುತ್ತದೆ. ಔಷಧವಿಲ್ಲದೆ 24 ಗಂಟೆ ಜ್ವರ ಬಾರದಿದ್ದ ಮೇಲೆಯೇ ಕಳುಹಿಸಬೇಕು. ಅಜ್ಜಿ ಚೆನ್ನಾಗಿಯೇ ಇದ್ದಾರೆಂದು ಕಂಡರೂ ಆ ವಾರ ಭಜನೆಗೆ ಹೋಗದಿರುವುದು ಒಳ್ಳೆಯದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2020ರ ಮಾರ್ಚ್ 10ರಂದು 61 ಮಂದಿ ಎರಡೂವರೆ ಗಂಟೆ ಸಮೂಹಗಾಯನದ ಅಭ್ಯಾಸ ನಡೆಸಿದರು; ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣವಿತ್ತು, ಕೊನೆಗೆ ಖಚಿತ ಮತ್ತು ಸಂಭಾವ್ಯ ಪ್ರಕರಣಗಳು ಸೇರಿ 53 ಮಂದಿ ಕೋವಿಡ್ ಪೀಡಿತರಾದರು, ಇಬ್ಬರು ತೀರಿಕೊಂಡರು. ಅದು ಬೇರೆ ವೈರಸ್ ಆದರೂ ಮುಚ್ಚಿದ ಸಭಾಂಗಣ, ಎತ್ತರದ ದನಿ, ದೀರ್ಘ ಹೊತ್ತು ಎಂಬ ಮೂರು ಸಂಗತಿಗಳು ಫ್ಲೂಗೂ ಅನುಕೂಲವೇ.

ಕಷಾಯ ಗಂಟಲಿಗೆ ಹಿತ, ಕುಡಿಯಲಡ್ಡಿಯಿಲ್ಲ. ಆಂಟಿಬಯಾಟಿಕ್ ವೈರಸ್‌ಗೆ ನಾಟುವುದಿಲ್ಲ. 65 ದಾಟಿದವರು, ಗರ್ಭಿಣಿಯರು, 5 ವರ್ಷದೊಳಗಿನ ಮಕ್ಕಳು, ಆಸ್ತಮಾ, ಮಧುಮೇಹ, ಹೃದ್ರೋಗ ಇರುವವರಿಗೆ ಜ್ವರ ಬಂದರೆ ಮೊದಲ ದಿನವೇ ವೈದ್ಯರನ್ನು ಕಾಣಬೇಕು, ಏಕೆಂದರೆ ಫ್ಲೂ ವೈರಸ್ಸನ್ನು ತಡೆಯುವ ಓಸೆಲ್ಟಮಿವಿರ್ ಔಷಧದಿಂದ ಹೆಚ್ಚಿನ ಪ್ರಯೋಜನ ಸಿಗುವುದು ಲಕ್ಷಣ ಕಾಣಿಸಿದ ಮೊದಲ 48 ಗಂಟೆಗಳೊಳಗೆ ಅದನ್ನು ಆರಂಭಿಸಿದರೆ. ಯಾರಿಗೇ ಆಗಲಿ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು ಕಂಡರೆ, ಅಥವಾ ಇಳಿದ ಜ್ವರ ಮತ್ತೆ ಏರಿ ಕೆಮ್ಮು ಹೆಚ್ಚಿದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.