ಸಾಲ್ಮನ್ ಹಿಡಿಯಬೇಕಾ? ಟಿಕೆಟ್ ಆಮೇಲೆ ಮಾಡಿಸಿ

ಸಕಲೇಶಪುರ, ಮೂಡಿಗೆರೆ ಕಡೆ ಎಷ್ಟೋ ಮನೆಯ ಮಕ್ಕಳು ಈಗ ಸಿಯಾಟಲ್, ವ್ಯಾಂಕೂವರ್‌ನಲ್ಲಿದ್ದಾರೆ. ಅವರನ್ನು ನೋಡಲು ಹೋದಾಗ ಒಂದಾದರೂ ಸಾಲ್ಮನ್ ಹಿಡಿಯಬೇಕು ಅನ್ನುವವರು ಮೊದಲು ಟಿಕೆಟ್ ಮಾಡಿಸಿ, ಅಲ್ಲಿಗೆ ಹೋದ ಮೇಲೆ ಮೀನು ಎಲ್ಲಿ ಅಂತ ಕೇಳುತ್ತಾರೆ. ಅದು ಉಲ್ಟಾ. ಮೊದಲು ಯಾವ ಮೀನು, ಆಮೇಲೆ ಯಾವ ನೀರು, ಕೊನೆಗೆ ತಾರೀಖು.

ನಮ್ಮಲ್ಲಿ ಮುಂಗಾರಿನ ಹೊಸ ನೀರಿಗೆ ಹತ್ತುಮೀನು ಹಳ್ಳ ಹತ್ತಿ ಗದ್ದೆವರೆಗೂ ಬರುತ್ತಲ್ವಾ, ಸಾಲ್ಮನ್ ಕೂಡ ಹಾಗೇ ಮೊಟ್ಟೆಯಿಡಲು ಹತ್ತುತ್ತದೆ. ಆದರೆ ಅದು ಬರುವುದು ಸಮುದ್ರದಿಂದ, ಅದೂ ಜಾತಿಗೊಂದು ಹೊತ್ತಿನಲ್ಲಿ. ಒಳ್ಳೆಯ ಸಂಗತಿ ಏನೆಂದರೆ, ಆ ಹೊತ್ತೆಲ್ಲ ಹೆಚ್ಚುಕಡಿಮೆ ನಮ್ಮ ಮಳೆಗಾಲದಲ್ಲೇ ಬೀಳುತ್ತದೆ. ಅರೇಬಿಕಾ ಕೊಯ್ಲಿಗೆ ಮುಂಚೆ ವಾಪಸ್ ಬರಬಹುದು.

ಇಲ್ಲಿ ಪುಷ್ಯ ಮಳೆ ಹೊಡೆಯುವಾಗ, ಅಂದರೆ ಜುಲೈ ಕೊನೆಗೆ, ಅಲಾಸ್ಕಾದ ಕೀನೈ ನದಿಗೆ ಸಾಕೈ ಸಾಲ್ಮನ್ ನುಗ್ಗುತ್ತದೆ. ಆಂಕರೇಜ್‌ನಿಂದ ಕಾರಿನಲ್ಲಿ ಮೂರು ಗಂಟೆ ಆಚೀಚೆ. ಅಲ್ಲಿನ ಮೀನುಗಾರಿಕೆ ಇಲಾಖೆ ನದಿಯಲ್ಲಿ ಸೋನಾರ್ (ಶಬ್ದದ ಅಲೆಯಿಂದ ಮೀನು ಎಣಿಸುವ ಯಂತ್ರ) ಇಟ್ಟು ದಿನಾ ಎಷ್ಟು ಮೀನು ಹತ್ತಿತು ಅಂತ ಆನ್‌ಲೈನ್‌ನಲ್ಲಿ ಹಾಕುತ್ತದೆ, ಅದನ್ನು ನೋಡಿಕೊಂಡೇ ಹೊರಡಿ. ಆದರೆ ಖರ್ಚು ಜಾಸ್ತಿ, ಜನಜಂಗುಳಿ, ಜೊತೆಗೆ ಕರಡಿ ಕಾಟ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಪಿಂಕ್ ಸಾಲ್ಮನ್. ಇದರ ಆಯಸ್ಸು ಎರಡೇ ವರ್ಷ, ಹಾಗಾಗಿ ಸಿಯಾಟಲ್ ಪಕ್ಕದ ಪ್ಯೂಜೆಟ್ ಸೌಂಡ್ ಅನ್ನುವ ಸಮುದ್ರದ ಒಳಚಾಚಿಗೆ ಬೆಸ ವರ್ಷಗಳಲ್ಲೇ ದಂಡಿಯಾಗಿ ಬರುತ್ತದೆ: 2025, 2027, ಹೀಗೆ. ಮಘೆ, ಹುಬ್ಬೆ ಮಳೆಯ ಹೊತ್ತು, ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ದೋಣಿ ಬೇಡ, ಲಿಂಕನ್ ಪಾರ್ಕ್‌ನಂಥ ದಡದಲ್ಲಿ ನಿಂತು ಗುಲಾಬಿ ಬಣ್ಣದ ಲ್ಯೂರ್ (ಗಾಳದ ನಕಲಿ ಎರೆ) ಎಸೆದರೆ ಸಾಕು. ಸಮ ವರ್ಷದಲ್ಲಿ ಹೋಗುತ್ತೀರಾದರೆ ಪಿಂಕ್ ಆಸೆ ಬಿಟ್ಟು, ಸೆಪ್ಟೆಂಬರ್‌ನಲ್ಲಿ ಬರುವ ಕೋಹೋ ಸಾಲ್ಮನ್ ನೋಡಿ.

ಸುಮ್ನೆ ನೋಡಿದರೂ ಸಾಕು ಅನ್ನುವವರಿಗೆ ಕೆನಡಾದ ಆಡಮ್ಸ್ ನದಿ ಇದೆ. ನಾಲ್ಕು ವರ್ಷಕ್ಕೊಮ್ಮೆ ಅಕ್ಟೋಬರ್‌ನಲ್ಲಿ ಸಾಕೈ ತುಂಬಿ ನೀರೇ ಕೆಂಪಾಗುತ್ತದೆ. 2022 ಅಂಥ ವರ್ಷ, ಮುಂದಿನದು 2026. ಕೆನಡಾ ವೀಸಾ ಬೇರೆ ಬೇಕು, ಮರೆಯಬೇಡಿ.

ಲೈಸೆನ್ಸ್ ವಿಷಯದಲ್ಲಿ ನಮ್ಮ ಹೇಮಾವತಿ ದಡದ ಧೈರ್ಯ ಅಲ್ಲಿ ನಡೆಯುವುದಿಲ್ಲ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದಲ್ಲಿ 15 ವರ್ಷ ತುಂಬಿದವರಿಗೆಲ್ಲ ಬೇಕು, ಕೆಲವೇ ದಿನದ್ದೂ ಸಿಗುತ್ತದೆ. ಸಾಲ್ಮನ್ ಇಟ್ಟುಕೊಂಡರೆ ಕೂಡಲೇ ಕ್ಯಾಚ್ ಕಾರ್ಡ್‌ನಲ್ಲಿ, ಅಂದರೆ ಹಿಡಿದ ಮೀನಿನ ಲೆಕ್ಕದ ಚೀಟಿಯಲ್ಲಿ, ಬರೆಯಬೇಕು. ಗಾಳದ ತುದಿಯ ಹಿಮ್ಮುಖ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಬೇಕು. ಇನ್ನೊಂದು ಮುಖ್ಯ ವಿಷಯ: ಮೀನಿನ ಬೆನ್ನ ಮೇಲೆ ದೊಡ್ಡ ರೆಕ್ಕೆಗೂ ಬಾಲಕ್ಕೂ ನಡುವೆ ಹೆಬ್ಬೆರಳಿನ ತುದಿಯಷ್ಟು ಒಂದು ಮೆತ್ತನೆಯ ರೆಕ್ಕೆ ಇರುತ್ತದೆ. ಹ್ಯಾಚರಿಯಲ್ಲಿ (ಮೀನುಮರಿ ಸಾಕುವ ಕೇಂದ್ರದಲ್ಲಿ) ಬೆಳೆಸಿದ ಚಿನೂಕ್, ಕೋಹೋ ಜಾತಿಯ ಸಾಲ್ಮನ್ ಮರಿಗಳಿಗೆ ಸಾಮಾನ್ಯವಾಗಿ ಅದನ್ನು ಕತ್ತರಿಸಿ ಬಿಟ್ಟಿರುತ್ತಾರೆ. ರೆಕ್ಕೆ ಇದ್ದರೆ ಕಾಡು ಮೀನು, ಎಷ್ಟೋ ಕಡೆ ಅದನ್ನು ವಾಪಸ್ ಬಿಡಲೇಬೇಕು. ನಿಯಮ ಸೀಸನ್ ಮಧ್ಯೆಯೂ ಬದಲಾಗುತ್ತದೆ, ಹೊರಡುವ ದಿನ ಬೆಳಗ್ಗೆ ಇನ್ನೊಮ್ಮೆ ನೋಡಿ.

ನದಿ ಹತ್ತಿದಷ್ಟೂ ಸಾಲ್ಮನ್ ರುಚಿ ಕೆಡುತ್ತದೆ, ಯಾಕಂದರೆ ಸಿಹಿನೀರಿಗೆ ಬಂದ ಮೇಲೆ ಅದು ತಿನ್ನುವುದನ್ನೇ ಬಿಡುತ್ತದೆ. ಬೆಳ್ಳಿಯಂತೆ ಹೊಳೆಯುವ ಮೀನನ್ನೇ ಇಟ್ಟುಕೊಳ್ಳಿ. ಪಿಂಕ್‌ನ ಮಾಂಸ ಬೇರೆಯದಕ್ಕಿಂತ ಮೆತ್ತಗೆ, ಹಾಗಾಗಿ ದಡದಲ್ಲೇ ಕಿವಿರು ಕೊಯ್ದು ರಕ್ತ ಬಸಿದು ಐಸ್‌ಗೆ ಹಾಕಿ, ಅವತ್ತೇ ಖಾರ ಸವರಿ ಹುರಿದುಬಿಡಿ. ಸಾರಿಗೆ ಹಾಕಿದರೆ ಪುಡಿಯಾಗುತ್ತದೆ.