ಬಸುರಿ ಬೀದಿಬೆಕ್ಕಿಗೆ ಮರೆ ಮಾಡುವುದು

ಮನುಷ್ಯರ ಕೈಗೆ ಸಿಗದೆ ಬೆಳೆದ ಬೆಕ್ಕನ್ನು ಗಬ್ಬದಲ್ಲಿ ಹಿಡಿದು ತಂದಿದ್ದರೆ, ಅದಕ್ಕೆ ಬೇಕಾದ್ದು ಮುದ್ದಲ್ಲ, ಮರೆ. ಪಳಗಿಸಲು ಹತ್ತಿರ ಹೋದಷ್ಟೂ ಅದು ಊಟ ಬಿಡುತ್ತದೆ. ಓಡಾಟವಿಲ್ಲದ ಒಂದು ಕೋಣೆ ಬಿಟ್ಟುಕೊಡಿ. ಕಿಟಕಿಗೆ ಜಾಲರಿ ಇರಲಿ, ಅಟ್ಟದ ಬಾಯಿ ಮುಚ್ಚಿರಲಿ. ಮೆಕ್ಕೆಜೋಳದ ಚೀಲಗಳ ಸಂದಿಗೆ ಹೊಕ್ಕರೆ ಮತ್ತೆ ಹೊರಗೆ ತರುವುದು ಆಗದ ಮಾತು. ಏಪ್ರಿಲ್, ಮೇನಲ್ಲಿ ದಾವಣಗೆರೆಯ ಶೀಟಿನ ಕೋಣೆ ಮಾತ್ರ ಬೇಡ, ಮಧ್ಯಾಹ್ನಕ್ಕೆ ಅದು ಒಲೆಯೇ.

ಸುಮಾರು 2 ಅಡಿ ಉದ್ದ, ಒಂದೂವರೆ ಅಡಿ ಅಗಲದ ರಟ್ಟಿನ ಡಬ್ಬ ಸಾಕು. ಮೇಲಿನ ಮುಚ್ಚಳ ಹಾಗೇ ಇರಲಿ. ಪಕ್ಕದಲ್ಲಿ ಬಾಗಿಲು ಕೊಯ್ಯುವಾಗ ಕೆಳಗೆ 5 ಇಂಚು ಅಂಚು ಬಿಡಿ: ತಾಯಿ ದಾಟುತ್ತದೆ, ಮರಿ ಹೊರಳಿ ಆಚೆ ಬೀಳುವುದಿಲ್ಲ. ಬಾಗಿಲು ಗೋಡೆಯ ಕಡೆಗಿದ್ದು, ನಡುವೆ ಒಂದು ಮೊಳ ಜಾಗವಿರಲಿ. ಒಳಗೆ ನಾಲ್ಕೈದು ಪದರ ಹಳೆ ಪೇಪರು, ಅದರ ಮೇಲೆ ಒಗೆದ ಹತ್ತಿ ಸೀರೆ. ಗೋಣಿಚೀಲ, ಟರ್ಕಿ ಟವೆಲ್ ಹಾಕಬೇಡಿ, ನೂಲಿನ ಕುಣಿಕೆಗೆ ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ಇಂಥದ್ದೇ ಇನ್ನೊಂದು ಡಬ್ಬ ಎದುರು ಮೂಲೆಗಿಡಿ. ಮರಿಗಳನ್ನು ಏಳು ಮನೆ ತಿರುಗಿಸುವ ಜಾತಿ ಅದು, ಎರಡನೇ ಮನೆ ಕೋಣೆಯೊಳಗೇ ಇದ್ದರೆ ಒಳ್ಳೆಯದಲ್ಲವೇ!

ಊಟದಿಂದ ದೂರಕ್ಕೆ ಅಗಲವಾದ ಟಬ್ಬಿನಲ್ಲಿ 2 ಇಂಚು ಮರಳು ಹಾಕಿ, ಹೊಲಸನ್ನು ದಿನಾ ತೆಗೆಯಿರಿ. ಅದರಲ್ಲಿ ಹೊಟ್ಟೆಯ ಕೂಸಿಗೆ ಕೆಡುಕು ಮಾಡುವ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಇದ್ದರೆ ಸೋಂಕು ತರುವಷ್ಟು ಬಲಿಯಲು ಒಂದು ದಿನವಾದರೂ ಬೇಕು. ಮನೆಯ ಬಸುರಿ ಹೆಣ್ಣುಮಕ್ಕಳು ಈ ಕೆಲಸ ಮುಟ್ಟುವುದೇ ಬೇಡ.

ಬೆಕ್ಕು ಗಬ್ಬ ಹೊರುವುದು 63ರಿಂದ 65 ದಿನ. ಹೊಟ್ಟೆ ಕಣ್ಣಿಗೆ ಕಾಣುವ ಹೊತ್ತಿಗೆ 5 ವಾರ ಕಳೆದಿರುತ್ತದೆ, ಉಳಿದದ್ದು ತಿಂಗಳೊಪ್ಪತ್ತು. ಹಾಲನ್ನ, ಮೊಸರನ್ನದಲ್ಲಿ ಇದು ನಡೆಯುವುದಿಲ್ಲ. ಬೆಕ್ಕಿಗೆ ಬೇಕೇಬೇಕಾದ ಟೌರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಲ್ಲಿದೆ. ಹಾಲು ಅನೇಕ ಬೆಕ್ಕುಗಳಿಗೆ ಭೇದಿ ಹಿಡಿಸುತ್ತದೆ. ಮರಿಬೆಕ್ಕಿನ ಆಹಾರವನ್ನೇ ತಂದು ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ. ಕೊನೆಗೆ ಮಾಮೂಲಿಗಿಂತ ಒಂದೂವರೆ ಪಟ್ಟು ಬೇಕಾಗುತ್ತದೆ, ಆದರೆ ಮರಿ ತುಂಬಿದ ಹೊಟ್ಟೆ ಒಂದೇ ಸಲಕ್ಕೆ ಹಿಡಿಸದು. ಜೊತೆಗೆ ಉಪ್ಪು, ಮಸಾಲೆ ಹಾಕದೆ ಬೇಯಿಸಿ, ಮೂಳೆ ತೆಗೆದ ಕೋಳಿ. ಸಾರಿನ ತುಂಡು ಕೊಡಬೇಡಿ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಚಳ್ಳಕೆರೆ ಕಡೆ ಈರುಳ್ಳಿ ಬೀಳದ ಸಾರು ಎಲ್ಲಿದೆ ಹೇಳಿ?

ನೆಲಕ್ಕೆ ಫಿನೈಲ್ ಬೇಡ, ಪಾದ ನೆಕ್ಕಿದರೆ ವಿಷ. ಸೋಪಿನ ನೀರು ಸಾಕು. ಚಿಗಟಕ್ಕೆಂದು ನಾಯಿಯ ಔಷಧಿ ಹಾಕಿದರೆ ಅದರಲ್ಲಿರಬಹುದಾದ ಪರ್ಮೆಥ್ರಿನ್ ಎಂಬ ಕೀಟನಾಶಕ ಬೆಕ್ಕಿನ ಜೀವವನ್ನೇ ತೆಗೆಯುತ್ತದೆ. ಪ್ಯಾರಾಸಿಟಮಾಲ್ ಕೂಡ ಹಾಗೇ. ಜಂತಿನ ಔಷಧಿ, ಲಸಿಕೆ ಕೇಳುವಾಗ ಗಬ್ಬದ ವಿಷಯ ಮೊದಲು ಹೇಳಿ. ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು ಹಚ್ಚಿ ಹರಿಯುವ ನೀರಲ್ಲಿ ತೊಳೆದು, ಅವತ್ತೇ ರೇಬೀಸ್ ಚುಚ್ಚುಮದ್ದಿಗೆ ಹೋಗಿ.

ಸೀರೆ ಕೆದರಿ ಊಟ ಬಿಟ್ಟರೆ ನೋವು ಶುರು ಎಂದು ತಿಳಿಯಿರಿ. ಇಣುಕಬೇಡಿ, ದೂರದಿಂದ ಗಮನವಿಡಿ. ಜೋರಾಗಿ ತಿಣುಕಿ 20 ನಿಮಿಷವಾದರೂ ಮರಿ ಬಾರದಿದ್ದರೆ, ಮೊದಲ ಮರಿಗಿಂತ ಮುಂಚೆ ಹಸಿರು ನೀರು ಕಂಡರೆ ಕಾಯಬಾರದು. ಪಶು ಆಸ್ಪತ್ರೆಗಳಿಗೆ ದನ, ಎಮ್ಮೆಯದೇ ಕೆಲಸ ಹೆಚ್ಚು. ರಾತ್ರಿ ಹೊತ್ತು ಬೆಕ್ಕಿಗೆ ಆಪರೇಷನ್ ಮಾಡುವವರು ಯಾರೆಂದು ವಾರ ಮುಂಚೆಯೇ ವಿಚಾರಿಸಿಡಿ. ಒಯ್ಯುವ ಬುಟ್ಟಿಯನ್ನು ಮೊದಲ ದಿನದಿಂದ ಕೋಣೆಯಲ್ಲೇ ಬಾಗಿಲು ತೆರೆದಿಟ್ಟು, ಒಂದು ಹೊತ್ತಿನ ಊಟ ಅದರೊಳಗೇ ಹಾಕುತ್ತಿದ್ದರೆ, ಬೇಕಾದಾಗ ಹಿಂದಿನಿಂದ ಬಾಗಿಲು ಹಾಕಿದರಾಯಿತು.