ಮರದಿಂದ ಬಿದ್ದರೆ ಯಾವ ಪಾಲಿಸಿ, ಕಾರಿನ ಮೇಲೆ ತೆಂಗಿನಕಾಯಿ ಬಿದ್ದರೆ ಯಾವುದು?

ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮದು ಅಡಿಕೆ ತೋಟದ ಮನೆ. ಕಪಾಟಿನಲ್ಲಿ ಇನ್ಶೂರೆನ್ಸ್ ಕಾಗದಗಳಿಗೇನೂ ಕಮ್ಮಿ ಇಲ್ಲ. ಅವನ್ನು ಮೊದಲ ಪುಟದಿಂದ ಓದಲು ಕೂತರೆ ನಿದ್ದೆ ಬರುತ್ತದೆ. ಹಾಗಾಗಿ ನಾನು ಉಲ್ಟಾ ಹೋದೆ. ನಮ್ಮಲ್ಲಿ ಏನೇನು ಆಗಬಹುದು ಅಂತ ಮೊದಲು ಒಂದು ಪುಸ್ತಕದಲ್ಲಿ ಬರೆದೆ. ಆಮೇಲೆ ಒಂದೊಂದರ ಎದುರೂ ದುಡ್ಡು ಕೊಡುವ ಪಾಲಿಸಿ ಯಾವುದು ಅಂತ ಹುಡುಕಿದೆ.

ಮೊದಲು ಬರೆದದ್ದು ಮರದಿಂದ ಬೀಳುವುದು. ಮಳೆಗಾಲದಲ್ಲಿ ಅಡಿಕೆ ಕೊಳೆಯದಂತೆ ಮದ್ದು ಬಿಡುವಾಗ ಮರ ಜಾರುತ್ತದೆ, ನಮ್ಮ ಊರಲ್ಲಿ ಇದಕ್ಕಿಂತ ದೊಡ್ಡ ಭಯ ಇಲ್ಲ. ನಮ್ಮ ತೋಟಕ್ಕೆ ಮರ ಹತ್ತಲು ಬರುವವನ ಬ್ಯಾಂಕ್ ಖಾತೆಯಿಂದ ಸರ್ಕಾರದ ಅಪಘಾತ ವಿಮೆಯಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ ಹೋಗುತ್ತದೆ.

"ಕಾಲು ಮುರಿದರೆ ಎಷ್ಟು ಸಿಗ್ತದೆ ಅಣ್ಣಾ?" ಅಂತ ಕೇಳಿದ.

"ಏನೂ ಇಲ್ಲ ಮಾರಾಯ."

ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. ಎರಡು ಕಣ್ಣು, ಎರಡು ಕೈ ಅಥವಾ ಎರಡು ಕಾಲು ಪೂರ್ತಿ ಹೋದರೂ ಅಷ್ಟೇ. ಒಂದು ಕಣ್ಣು, ಒಂದು ಕೈ ಅಥವಾ ಒಂದು ಕಾಲು ಹೋದರೆ 1 ಲಕ್ಷ. ಮುರಿದು ಕೂಡಿಕೊಳ್ಳುವ ಕಾಲಿಗೆ ಇಲ್ಲ, ಆಸ್ಪತ್ರೆ ಬಿಲ್ಲಿಗೂ ಇಲ್ಲ. ಕೆಲಸಕ್ಕೆ ಹೋಗಲಾಗದ ವಾರಗಳಿಗೂ ದುಡ್ಡು ಬೇಕು ಅಂದರೆ ಪರ್ಸನಲ್ ಆಕ್ಸಿಡೆಂಟ್ ಪಾಲಿಸಿಗಳಲ್ಲಿ ಆ ಸೌಲಭ್ಯ ಇರುವುದನ್ನು ಹುಡುಕಿ ತೆಗೆದುಕೊಳ್ಳಬೇಕು. ಇನ್ನೊಂದು ಮಾತು. ರಸ್ತೆ ಅಪಘಾತಕ್ಕೆ ಪೊಲೀಸ್ ದಾಖಲೆ ಕೇಳುತ್ತಾರೆ. ಮರದಿಂದ ಬಿದ್ದದ್ದಕ್ಕೆ, ಹಾವು ಕಚ್ಚಿದ್ದಕ್ಕೆ ಆಗಲೇ ಹೋದ ಆಸ್ಪತ್ರೆಯ ದಾಖಲೆ ಬೇಕು. ಚೀಟಿಯಲ್ಲಿ ಬರೀ 'ಪೆಟ್ಟು' ಅಂತ ಇದ್ದರೆ ಸಾಲದು, 'ಮರದಿಂದ ಬಿದ್ದು' ಅಂತ ಬರೆಸಿಕೊಳ್ಳಬೇಕು.

ಎರಡನೆಯದು ಮಂಗಳೂರಿನ ಆಸ್ಪತ್ರೆ. ದೊಡ್ಡ ಕಾಯಿಲೆ ಅಂದರೆ ನಾವು ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋಗುವವರೇ ಅಲ್ವಾ? ಆರೋಗ್ಯ ಪಾಲಿಸಿಯಲ್ಲಿ 5 ಲಕ್ಷ ಅಂತ ದೊಡ್ಡದಾಗಿ ಇತ್ತು. ನಾನು ನೋಡಿದ್ದು ರೂಮ್ ಬಾಡಿಗೆಯ ಸಾಲು. ದಿನಕ್ಕೆ ಆ 5 ಲಕ್ಷದ ಶೇಕಡಾ 1, ಅಂದರೆ 5,000. 8,000ದ ರೂಮಿಗೆ ಹೋದರೆ ಕೈಯಿಂದ ಹೋಗುವುದು ಬರೀ 3,000 ಅಲ್ಲ. ಡಾಕ್ಟರ್ ಫೀಸು, ನರ್ಸಿಂಗ್, ಆಪರೇಷನ್ ಥಿಯೇಟರ್ ಎಲ್ಲವೂ ಅದೇ ಎಂಟಕ್ಕೆ ಐದರ ಲೆಕ್ಕದಲ್ಲಿ ಇಳಿಯುತ್ತವೆ. ಅಂಥ ಖರ್ಚು 80,000 ಆಗಿದ್ದರೆ ಸಿಗುವುದು 50,000. ಔಷಧಿ, ಟೆಸ್ಟು, ಒಳಗೆ ಕೂರಿಸುವ ಸ್ಟೆಂಟ್‌ನಂಥ ವಸ್ತುಗಳಿಗೆ ಈ ಕಡಿತ ಹಾಕುವಂತಿಲ್ಲ. ನನ್ನನ್ನು ಕೇಳಿದರೆ, ಬಾಡಿಗೆ ಮಿತಿ ಇಲ್ಲದ ಪಾಲಿಸಿಗೆ ಪ್ರೀಮಿಯಂ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ. ಮೊದಲೇ ಇದ್ದ ಬಿಪಿ, ಶುಗರ್‌ಗೆ ಕಾಯುವ ಅವಧಿ, ಅಂದರೆ ಅವುಗಳ ಚಿಕಿತ್ಸೆಗೆ ದುಡ್ಡು ಸಿಗದ ಆರಂಭದ ಕಾಲ, ಹೆಚ್ಚೆಂದರೆ 36 ತಿಂಗಳು. ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು.

ಕಾರಿನ ಮೇಲೆ ತೆಂಗಿನಕಾಯಿ. ನಗಬೇಡಿ, ಅಂಗಳದಲ್ಲಿ ಕಾರು ನಿಲ್ಲಿಸುವ ಜಾಗವೇ ಹಾಗೆ. ಕಾನೂನಿನ ಪ್ರಕಾರ ಕಡ್ಡಾಯ ಇರುವುದು ನಮ್ಮ ಕಾರಿನಿಂದ ಬೇರೆಯವರಿಗೆ ಆದ ಹಾನಿಯ ಥರ್ಡ್ ಪಾರ್ಟಿ ಪಾಲಿಸಿ ಮಾತ್ರ, ಅದು ನಮ್ಮ ಕಾರಿಗೆ ಒಂದು ಪೈಸೆ ಕೊಡುವುದಿಲ್ಲ. ನಮ್ಮದೇ ಕಾರಿನ ಹಾನಿಗೆ ಕೊಡುವ ಓನ್ ಡ್ಯಾಮೇಜ್ ಇದ್ದರೆ ಒಡೆದ ಗಾಜಿಗೆ ಸವಕಳಿ (ಹಳೆಯದಾದ ಲೆಕ್ಕದ) ಕಡಿತ ಇಲ್ಲ, ಪ್ಲಾಸ್ಟಿಕ್ ಬಂಪರಿಗೆ ಅರ್ಧ ಕಡಿತ. ಅದರ ಮೇಲೆ ಕಡ್ಡಾಯವಾಗಿ ನಾವೇ ಹಾಕಬೇಕಾದ ಪಾಲು ಬೇರೆ, 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ.

ಮನೆಗೆ ಭಾರತ್ ಗೃಹ ರಕ್ಷಾ ಅನ್ನುವ ಪಾಲಿಸಿ. ಸಿಡಿಲು, ಗಾಳಿಮಳೆ, ನೆರೆ, ಗುಡ್ಡ ಕುಸಿತ ಎಲ್ಲ ಅದರಲ್ಲಿ ಉಂಟು. ಕಳ್ಳತನ ಮಾತ್ರ ಅಂಥ ಅನಾಹುತ ಆಗಿ, ಅದರಿಂದಾಗಿ 7 ದಿನದೊಳಗೆ ನಡೆದರಷ್ಟೇ. ಸುಮ್ನೆ ಬೀಗ ಒಡೆದು ಒಳನುಗ್ಗಿದವನಿಗೆ ಬೇರೆ ಪಾಲಿಸಿ ಬೇಕು.

ಮಳೆಗೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಎದುರು ಹವಾಮಾನ ಆಧಾರಿತ ಬೆಳೆ ವಿಮೆ ಅಂತ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆಯನ್ನೂ ಹಾಕಿದೆ. ಅದರಲ್ಲಿ ಯಾರೂ ತೋಟಕ್ಕೆ ಬಂದು ಉದುರಿದ ಅಡಿಕೆ ಎಣಿಸುವುದಿಲ್ಲ. ಗೊತ್ತು ಮಾಡಿದ ಮಳೆಮಾಪನ ಕೇಂದ್ರದ ಲೆಕ್ಕವೇ ಲೆಕ್ಕ. ಅಲ್ಲಿ ಮಳೆ ಮಿತಿ ದಾಟದಿದ್ದರೆ ನಮ್ಮ ತೋಟ ಪೂರ್ತಿ ಕೊಳೆತರೂ ಹಣ ಇಲ್ಲ.

ಕ್ಲೇಮಿಗೆ ತಕರಾರು ಬಂದರೆ ಮೊದಲು ಕಂಪನಿಗೇ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದದ್ದು ಸರಿ ಕಾಣದಿದ್ದರೆ, ವಿಮೆಯ ದೂರು ವಿಚಾರಿಸುವ ಇನ್ಶೂರೆನ್ಸ್ ಒಂಬುಡ್ಸ್‌ಮನ್. ಚಿಕಿತ್ಸೆ ಮಂಗಳೂರಿನಲ್ಲಿ ಆದರೂ ಕಾಸರಗೋಡಿನಲ್ಲಿ ಮನೆ ಇರುವವರು ಕೊಚ್ಚಿಯ ಕಚೇರಿಗೆ ಬರೆಯಬಹುದು. ಫೀಸು ಇಲ್ಲ, ವಕೀಲರೂ ಬೇಡ.